ಕರಾರು ಹರಿದದ್ದು ಯಾರಿಗಾಗಿ?

2015ರ ಜೂನ್ 29ರಂದು ಲಾಸ್ ಏಂಜಲೀಸ್ ಕಿಂಗ್ಸ್ ಎಂಬ ಐಸ್ ಹಾಕಿ ತಂಡ ತನ್ನ ಆಟಗಾರ ಮೈಕ್ ರಿಚರ್ಡ್ಸ್ ಅವರ ಒಪ್ಪಂದವನ್ನು ರದ್ದುಪಡಿಸಿತು. ಅದೇ ತಿಂಗಳು ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ಗಡಿಯಲ್ಲಿ ಅವರನ್ನು ತಡೆದು ತಪಾಸಣೆ ಮಾಡಿದ್ದರು. ಅಮಲು ತರುವ ನೋವುನಿವಾರಕ ಮಾತ್ರೆಗಳ ಬಗ್ಗೆ ತನಿಖೆ ನಡೆದಿತ್ತು. ಪೊಲೀಸರು ಆರೋಪ ಹೊರಿಸಿದ್ದು ಆಗಸ್ಟ್‌ನಲ್ಲಿ. ತಂಡ ಅಲ್ಲಿಯವರೆಗೆ ಕಾಯಲಿಲ್ಲ. ಒಪ್ಪಂದದ ಗಂಭೀರ ಉಲ್ಲಂಘನೆಯಾಗಿದೆ ಎಂಬ ಒಂದು ಸಾಲಿನ ಕಾರಣ ಕೊಟ್ಟು, ಇನ್ನೂ ಐದು ವರ್ಷ ಬಾಕಿಯಿದ್ದ, ಸುಮಾರು 2.2 ಕೋಟಿ ಡಾಲರ್ ಬೆಲೆಯ ಕರಾರನ್ನು ಹರಿದುಹಾಕಿತು.

ಮೂರು ದಿನ ಕಳೆದು ಜುಲೈ 2ರಂದು ಅದೇ ತಂಡದ ರಕ್ಷಣಾ ಆಟಗಾರ ಸ್ಲಾವಾ ವಾಯ್ನೋವ್ ಕ್ಯಾಲಿಫೋರ್ನಿಯಾದ ನ್ಯಾಯಾಲಯದಲ್ಲಿ ನಿಂತಿದ್ದರು. ಹೆಂಡತಿಯ ಮೇಲೆ ಹಲ್ಲೆ ಮಾಡಿದ ಪ್ರಕರಣದಲ್ಲಿ ಆರೋಪವನ್ನು ಅಲ್ಲಗಳೆಯುವುದಿಲ್ಲ ಎಂದು ಹೇಳಿ 90 ದಿನಗಳ ಜೈಲುಶಿಕ್ಷೆ ಪಡೆದರು. ಅವರ ಒಪ್ಪಂದ ಅಂದೂ ಇತ್ತು, ಮರುದಿನವೂ ಇತ್ತು. ಸೆಪ್ಟೆಂಬರ್‌ನಲ್ಲಿ ತಾವೇ ರಷ್ಯಾಕ್ಕೆ ಮರಳುವುದಾಗಿ ಅವರು ಪ್ರಕಟಿಸುವವರೆಗೂ ಇತ್ತು. ಅವರು ಹೊರಡದಿದ್ದರೂ ರದ್ದು ಮಾಡಲು ನಿರ್ಧರಿಸಿದ್ದೆವು ಎಂದು ತಂಡ ಆಮೇಲೆ ಹೇಳಿಕೊಂಡಿತು.

ಒಂದೇ ತಂಡ, ಒಂದೇ ಕಚೇರಿ, ಒಂದೇ ವಾರ. ಮಾತ್ರೆಯ ಅನುಮಾನಕ್ಕೆ ಕರಾರು ಉಳಿಯಲಿಲ್ಲ; ಹೆಂಡತಿಗೆ ಹೊಡೆದು ಜೈಲಿಗೆ ಹೊರಟವರ ಕರಾರು ಎರಡೂವರೆ ತಿಂಗಳು ಕಪಾಟಿನಲ್ಲಿ ಭದ್ರವಾಗಿತ್ತು. ಇಷ್ಟು ದೊಡ್ಡ ವ್ಯತ್ಯಾಸಕ್ಕೆ ಕಾರಣ ಹುಡುಕುವವರು ನೀತಿಸಂಹಿತೆಯನ್ನು ತೆರೆದರೆ ಏನೂ ಸಿಗುವುದಿಲ್ಲ. ತಂಡದ ಲೆಕ್ಕಪುಸ್ತಕವನ್ನು ತೆರೆದರೆ ಎಲ್ಲವೂ ಸಿಗುತ್ತದೆ.

ಇಲ್ಲಿ ಹಾಕಿ ಎಂದರೆ ಕೊಡಗಿನ ಮೈದಾನಗಳಲ್ಲಿ ಆಡುವ ಹಾಕಿಯಲ್ಲ. ಅಮೆರಿಕ ಮತ್ತು ಕೆನಡಾದಲ್ಲಿ ನ್ಯಾಷನಲ್ ಹಾಕಿ ಲೀಗ್, ಅಂದರೆ ಎನ್‌ಎಚ್‌ಎಲ್, ನಡೆಸುವ ಮಂಜುಗಡ್ಡೆಯ ಮೇಲಿನ ಆಟ. ಅಲ್ಲಿ ಆಟಗಾರನೊಬ್ಬ ಕೆಟ್ಟದಾಗಿ ನಡೆದುಕೊಂಡ ಸುದ್ದಿ ಬಂದಾಗಲೆಲ್ಲ ಅಭಿಮಾನಿಗಳೂ ಕ್ರೀಡಾ ಪತ್ರಕರ್ತರೂ ಕೇಳುವುದು ಒಂದೇ ಪ್ರಶ್ನೆ: ಒಪ್ಪಂದ ರದ್ದಾಯಿತೇ? ರದ್ದಾದರೆ ತಂಡಕ್ಕೆ ಶಹಬ್ಬಾಸ್, ಆಗದಿದ್ದರೆ ಛೀಮಾರಿ. ಒಪ್ಪಂದ ರದ್ದತಿಯೇ ಅತ್ಯಂತ ಕಠಿಣ ಶಿಕ್ಷೆ, ಅದೇ ಶುದ್ಧೀಕರಣದ ಗುರುತು ಎಂಬ ನಂಬಿಕೆ ಬೇರೂರಿದೆ. ಇದರ ಬೆನ್ನಿಗೆ ಲೀಗಿನ ಕಮಿಷನರ್ ಗ್ಯಾರಿ ಬೆಟ್‌ಮನ್ ವರ್ಷಗಳಿಂದ ಮಂಡಿಸುತ್ತ ಬಂದಿರುವ ವಾದವೂ ಇದೆ: ಪ್ರತಿ ಪ್ರಕರಣವೂ ಬೇರೆ, ಆದ್ದರಿಂದ ಲಿಖಿತ ನೀತಿ ಬೇಕಿಲ್ಲ, ಒಂದೊಂದನ್ನೂ ಅದರದರ ಸಂಗತಿ ನೋಡಿ ತೀರ್ಮಾನಿಸಿದರೆ ಸಾಕು.

ಈ ಎರಡೂ ತಪ್ಪು. ಒಪ್ಪಂದ ರದ್ದತಿ ಐಸ್ ಹಾಕಿಯಲ್ಲಿ ಶಿಕ್ಷೆಯಾಗಿ ಕೆಲಸ ಮಾಡುತ್ತಿಲ್ಲ. ಭಾರವಾದ ಆಟಗಾರನನ್ನು ಇಳಿಸಿಕೊಳ್ಳುವ ಉಪಾಯವಾಗಿ ಕೆಲಸ ಮಾಡುತ್ತಿದೆ. ಲಿಖಿತ ನೀತಿ ಇಲ್ಲದಿರುವುದೇ ಆ ಉಪಾಯಕ್ಕೆ ಜಾಗ ಮಾಡಿಕೊಟ್ಟಿದೆ.

ಇದು ಹೇಗೆಂದು ತಿಳಿಯಬೇಕಾದರೆ ಎನ್‌ಎಚ್‌ಎಲ್ ಒಪ್ಪಂದದ ಒಳಗನ್ನು ನೋಡಬೇಕು. ಪ್ರತಿ ಆಟಗಾರನೂ ಸಹಿ ಹಾಕುವ ಮಾದರಿ ಒಪ್ಪಂದದಲ್ಲಿ, ರಿಂಕ್‌ನ ಒಳಗೂ ಹೊರಗೂ ಪ್ರಾಮಾಣಿಕತೆ, ನೈತಿಕತೆ, ಕ್ರೀಡಾಮನೋಭಾವದ ಅತ್ಯುನ್ನತ ಮಟ್ಟಕ್ಕೆ ತಕ್ಕಂತೆ ನಡೆದುಕೊಳ್ಳುತ್ತೇನೆ, ತಂಡಕ್ಕೂ ಲೀಗಿಗೂ ಹಾನಿಯಾಗುವ ನಡತೆಯಿಂದ ದೂರವಿರುತ್ತೇನೆ ಎಂಬ ಮಾತಿದೆ. ಇನ್ನೊಂದು ಕಲಮು, ಆಟಗಾರ ಗಂಭೀರವಾಗಿ ಕರಾರು ಮುರಿದರೆ ಅದನ್ನು ಕೊನೆಗೊಳಿಸುವ ಹಕ್ಕನ್ನು ತಂಡಕ್ಕೆ ಕೊಡುತ್ತದೆ. ಯಾವುದು ಗಂಭೀರ, ಯಾವುದು ಅಲ್ಲ ಎಂಬುದರ ಪಟ್ಟಿ ಎಲ್ಲಿಯೂ ಇಲ್ಲ. ಮೊದಲ ತೀರ್ಮಾನ ತಂಡದ್ದೇ.

ಆ ತಂಡಕ್ಕೆ ಹಣದ ಹಂಗಿದೆ. ಎನ್‌ಎಚ್‌ಎಲ್‌ನಲ್ಲಿ ಸಂಬಳ ಖಾತರಿ. ಆಟಗಾರನ ಕಾಲು ಸೋತರೂ, ಕಣ್ಣು ಮಂಜಾದರೂ, ಸಹಿ ಹಾಕಿದ ಮೇಲೆ ಹಣ ಕೊಡಲೇಬೇಕು. ಜೊತೆಗೆ ಪ್ರತಿ ತಂಡವೂ ಒಂದು ಋತುವಿನಲ್ಲಿ ಆಟಗಾರರಿಗೆ ಕೊಡಬಹುದಾದ ಸಂಬಳಕ್ಕೆ ಮಿತಿ ಇದೆ. 2015–16ರಲ್ಲಿ ಅದು 7.14 ಕೋಟಿ ಡಾಲರ್. ಬೇಡವಾದ ಆಟಗಾರನನ್ನು ಕಳಿಸಬೇಕಾದರೆ ನೇರ ದಾರಿ ‘ಬೈಔಟ್’ ಮಾತ್ರ. 26 ವರ್ಷ ದಾಟಿದವನಿಗೆ ಉಳಿದ ಸಂಬಳದ ಮೂರನೆಯ ಎರಡು ಭಾಗವನ್ನು, ಉಳಿದ ಅವಧಿಯ ಇಮ್ಮಡಿ ವರ್ಷಗಳ ಮೇಲೆ ಹರಡಿ ಕೊಡಬೇಕು. ಅಷ್ಟೂ ವರ್ಷ ಅದರ ನೆರಳು ತಂಡದ ವೇತನ ಮಿತಿಯ ಮೇಲೆ ಬೀಳುತ್ತದೆ. ಆದರೆ ದುರ್ನಡತೆಯ ಕಾರಣಕ್ಕೆ ಒಪ್ಪಂದ ರದ್ದಾದರೆ? ಕೊಡಬೇಕಾದ್ದು ಸೊನ್ನೆ, ಮಿತಿಯ ಮೇಲಿನ ಹೊರೆಯೂ ಬಹುಮಟ್ಟಿಗೆ ಸೊನ್ನೆ.

ರಿಚರ್ಡ್ಸ್ ಪ್ರಕರಣಕ್ಕೆ ಈ ಲೆಕ್ಕ ಹಚ್ಚಿ ನೋಡಿ. 2007ರಲ್ಲಿ ಫಿಲಡೆಲ್ಫಿಯಾ ಫ್ಲೈಯರ್ಸ್ ತಂಡ ಅವರಿಗೆ ಕೊಟ್ಟಿದ್ದು 12 ವರ್ಷ, 6.9 ಕೋಟಿ ಡಾಲರ್‌ನ ಒಪ್ಪಂದ. 2011ರಲ್ಲಿ ಆ ಒಪ್ಪಂದದ ಸಮೇತ ಅವರು ಲಾಸ್ ಏಂಜಲೀಸ್‌ಗೆ ಬಂದರು. 2012 ಮತ್ತು 2014ರಲ್ಲಿ ತಂಡ ಲೀಗಿನ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಗೆದ್ದಾಗ ಅವರೂ ಇದ್ದರು. ಆಮೇಲೆ ಆಟ ಇಳಿಯಿತು. 2014–15ರಲ್ಲಿ 53 ಪಂದ್ಯಗಳಿಂದ ಅವರು ಗಳಿಸಿದ್ದು 16 ಅಂಕ. ಅವರಿಗಾಗಿ ವೇತನ ಮಿತಿಯಲ್ಲಿ ವರ್ಷಕ್ಕೆ 57.5 ಲಕ್ಷ ಡಾಲರ್ ಕಟ್ಟಿಟ್ಟಿದ್ದ ತಂಡಕ್ಕೆ ಮೂಗಿಗಿಂತ ಮೂಗುತಿ ಭಾರವಾಗಿತ್ತು. 2015ರ ಜನವರಿಯಲ್ಲಿ ಅವರನ್ನು ಬಿಟ್ಟುಕೊಡಲು ಮುಂದಾದಾಗ ಉಳಿದ 29 ತಂಡಗಳಲ್ಲಿ ಒಂದೂ ಕೈಚಾಚಲಿಲ್ಲ. ಅದಕ್ಕೂ ಹಿಂದಿನ ವರ್ಷ, ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2013ರ ಸಾಮೂಹಿಕ ಒಪ್ಪಂದ ಕೊಟ್ಟಿದ್ದ ವಿಶೇಷ ರಿಯಾಯಿತಿಯಡಿ, ಮಿತಿಯ ಮೇಲೆ ಹೊರೆಯಿಲ್ಲದೆ ಅವರನ್ನು ಬಿಡುವ ಅವಕಾಶ ತಂಡಕ್ಕಿತ್ತು. ಜನರಲ್ ಮ್ಯಾನೇಜರ್ ಡೀನ್ ಲೊಂಬಾರ್ಡಿ ಅದನ್ನು ಕೈಬಿಟ್ಟಿದ್ದರು. ಮ್ಯಾನಿಟೋಬಾದ ಗಡಿಯಲ್ಲಿ ಆ ಅವಕಾಶ ಮತ್ತೆ ಬಂತು.

ಆಟಗಾರರ ಸಂಘ ತಕರಾರು ಹೂಡಿತು. ಅಕ್ಟೋಬರ್‌ನಲ್ಲಿ ರಾಜಿಯಾಯಿತು. ಆ ರಾಜಿಯ ಕಂತುಗಳು ಕಿಂಗ್ಸ್ ತಂಡದ ವೇತನ ಲೆಕ್ಕದಲ್ಲಿ 2031–32ರವರೆಗೂ ಹರಡಿಕೊಂಡಿವೆ. ತಂಡದ ತೀರ್ಮಾನ ನೀತಿಯ ನೆಲೆಯಲ್ಲಿ ಅಷ್ಟು ಗಟ್ಟಿಯಾಗಿದ್ದಿದ್ದರೆ ಮಧ್ಯಸ್ಥಗಾರನ ಮುಂದೆ ಅದನ್ನು ಸಮರ್ಥಿಸಿಕೊಳ್ಳಬಹುದಿತ್ತು. ಸಮರ್ಥಿಸಿಕೊಳ್ಳಲಿಲ್ಲ, ಚೌಕಾಸಿ ಮಾಡಿತು.

ವಾಯ್ನೋವ್ ಕತೆಗೆ ಬೇರೆ ಲೆಕ್ಕ. 2014ರ ಅಕ್ಟೋಬರ್‌ನಲ್ಲಿ ಬಂಧನವಾದಾಗ ಅವರು ತಂಡದ ಯುವ ರಕ್ಷಕ. ಆರು ವರ್ಷ, 2.5 ಕೋಟಿ ಡಾಲರ್‌ನ ಅವರ ಒಪ್ಪಂದ ಅವರ ಆಟಕ್ಕೆ ಹೋಲಿಸಿದರೆ ಅಗ್ಗ. ಲೀಗ್ ಅದೇ ದಿನ ಅವರನ್ನು ಸಂಬಳಸಮೇತ ಅಮಾನತಿನಲ್ಲಿಟ್ಟಿತು. ಅಲ್ಲಿಯವರೆಗೆ ಅದು ಮೆಚ್ಚತಕ್ಕ ಕೆಲಸವೇ. ತಂಡ ಮಾತ್ರ ಅಮಾನತಿನ ನಡುವೆಯೇ ಅವರನ್ನು ಅಭ್ಯಾಸಕ್ಕೆ ಇಳಿಸಿ ಡಿಸೆಂಬರ್‌ನಲ್ಲಿ ಒಂದು ಲಕ್ಷ ಡಾಲರ್ ದಂಡ ತೆತ್ತಿತು. ಹೆಂಡತಿಗೆ ಹೊಡೆದ ಆರೋಪ ಹೊತ್ತವರು ಯಾವಾಗ ಆಡಲು ಸಿದ್ಧರಾದಾರು ಎಂಬುದರ ಮೇಲೆಯೇ ತಂಡದ ಕಣ್ಣಿತ್ತೆಂದು ಹೇಳಲು ಬೇರೆ ಸಾಕ್ಷಿ ಬೇಕಿಲ್ಲ.

ಇದು ಒಂದು ತಂಡದ ಎಡವಟ್ಟಲ್ಲವೇ, ಅದರಿಂದ ಇಡೀ ವ್ಯವಸ್ಥೆಯನ್ನು ಅಳೆಯಬಹುದೇ ಎಂದು ಕೇಳುವವರಿದ್ದಾರೆ. ಅವರು ಸ್ಯಾನ್ ಹೋಸೆಗೆ ಬರಲಿ. 2022ರ ಜನವರಿಯಲ್ಲಿ ಸ್ಯಾನ್ ಹೋಸೆ ಶಾರ್ಕ್ಸ್ ತಂಡ ಇವ್ಯಾಂಡರ್ ಕೇನ್ ಅವರ ಒಪ್ಪಂದವನ್ನು ರದ್ದು ಮಾಡಿತು. ಏಳು ವರ್ಷಕ್ಕೆ 4.9 ಕೋಟಿ ಡಾಲರ್‌ನ ಆ ಕರಾರಿನಲ್ಲಿ ಇನ್ನೂ ಮೂರು ವರ್ಷಕ್ಕೂ ಹೆಚ್ಚು ಕಾಲ ಉಳಿದಿತ್ತು. ಕೊಟ್ಟ ಕಾರಣ ಒಪ್ಪಂದದ ಉಲ್ಲಂಘನೆ ಮತ್ತು ಕಿರಿಯ ಲೀಗಿನ ಕೋವಿಡ್ ನಿಯಮಗಳ ಉಲ್ಲಂಘನೆ. ಅದಕ್ಕೂ ಮೊದಲು ನಕಲಿ ಲಸಿಕೆ ಪತ್ರ ತೋರಿಸಿದ್ದಕ್ಕೆ ಲೀಗ್ ಅವರನ್ನು 21 ಪಂದ್ಯಗಳಿಗೆ ಅಮಾನತು ಮಾಡಿತ್ತು; ಆ ಶಿಕ್ಷೆಯನ್ನು ಅವರು ಪೂರೈಸಿದ್ದರು. ಸಹ ಆಟಗಾರರಿಗೆ ಅವರು ಬೇಡವಾಗಿದ್ದರು, ತಂಡಕ್ಕೆ ಅವರ ಸಂಬಳ ಬೇಡವಾಗಿತ್ತು.

ಮುಂದೇನಾಯಿತು? ಮೂರು ವಾರ ತುಂಬುವ ಮೊದಲೇ ಎಡ್ಮಂಟನ್ ಆಯಿಲರ್ಸ್ ಅವರನ್ನು ಸೇರಿಸಿಕೊಂಡಿತು. ಆ ವರ್ಷದ ಪ್ಲೇಆಫ್‌ನಲ್ಲಿ 15 ಪಂದ್ಯಗಳಲ್ಲಿ 13 ಗೋಲು ಹೊಡೆದರು. ಬೇಸಿಗೆಯಲ್ಲಿ ಎಡ್ಮಂಟನ್ ಅವರಿಗೆ ನಾಲ್ಕು ವರ್ಷದ ಹೊಸ ಒಪ್ಪಂದ ಕೊಟ್ಟಿತು. ಸೆಪ್ಟೆಂಬರ್‌ನಲ್ಲಿ ಶಾರ್ಕ್ಸ್ ಜೊತೆಗಿನ ತಕರಾರೂ ರಾಜಿಯಲ್ಲಿ ಮುಗಿಯಿತು. ಕೇನ್ ಮಾಡಿದ್ದು ವೃತ್ತಿಜೀವನವನ್ನೇ ಕಳೆದುಕೊಳ್ಳಬೇಕಾದ ತಪ್ಪಾಗಿದ್ದರೆ ಜನವರಿಯ ತಪ್ಪು ಫೆಬ್ರವರಿಗೆ ಅಳಿಸಿಹೋದದ್ದು ಹೇಗೆ? ಅಂಥ ತಪ್ಪಲ್ಲವಾದರೆ ಸ್ಯಾನ್ ಹೋಸೆ ಕರಾರನ್ನು ಹರಿದದ್ದು ಯಾವ ಹಕ್ಕಿನಿಂದ? ಈ ಎರಡು ಪ್ರಶ್ನೆಗಳಿಗೆ ಲೀಗ್ ಇಂದಿಗೂ ಉತ್ತರ ಕೊಟ್ಟಿಲ್ಲ. ಕೊಡುವ ಹೊಣೆಯೂ ಅದಕ್ಕಿಲ್ಲ. ಹಾಗೆ ಕೊಡಬೇಕೆಂಬ ನಿಯಮವೇ ಇಲ್ಲ.

ಕೋರಿ ಪೆರಿ ಪ್ರಕರಣ ಇನ್ನೂ ಹತ್ತಿರದ್ದು. 2023ರ ನವೆಂಬರ್ 28ರಂದು ಶಿಕಾಗೊ ಬ್ಲ್ಯಾಕ್‌ಹಾಕ್ಸ್ ತಂಡ, ಒಪ್ಪಲಾಗದ ನಡತೆ ಮತ್ತು ಆಂತರಿಕ ನೀತಿಗಳ ಉಲ್ಲಂಘನೆ ಎಂದು ಹೇಳಿ ಅವರ ಒಂದು ವರ್ಷದ 40 ಲಕ್ಷ ಡಾಲರ್ ಒಪ್ಪಂದವನ್ನು ಕೊನೆಗೊಳಿಸಿತು. ನಡೆದದ್ದೇನು ಎಂಬುದನ್ನು ಹೇಳಲಿಲ್ಲ. ಮೌನ ಖಾಲಿ ಉಳಿಯಲಿಲ್ಲ. ಸಾಮಾಜಿಕ ಜಾಲತಾಣಗಳಲ್ಲಿ ಬೇರೊಬ್ಬ ಆಟಗಾರನ ಕುಟುಂಬವನ್ನು ಎಳೆತಂದು ಹೊಲಸು ವದಂತಿ ಹಬ್ಬಿಸಿದರು. ಜನರಲ್ ಮ್ಯಾನೇಜರ್ ಕೈಲ್ ಡೇವಿಡ್ಸನ್ ಪತ್ರಕರ್ತರ ಮುಂದೆ ಕೂತು, ಇದರಲ್ಲಿ ಯಾವ ಆಟಗಾರನೂ ಯಾರ ಕುಟುಂಬವೂ ಇಲ್ಲ ಎಂದು ನೊಂದ ದನಿಯಲ್ಲಿ ಹೇಳಬೇಕಾಯಿತು. ಪೆರಿ ಕ್ಷಮೆ ಕೇಳಿದರು, ಮದ್ಯದ ಜೊತೆಗಿನ ತಮ್ಮ ಹೋರಾಟದ ಬಗ್ಗೆ ಹೇಳಿಕೊಂಡರು. ಜನವರಿಯಲ್ಲಿ ಎಡ್ಮಂಟನ್ ಅವರನ್ನು 7.75 ಲಕ್ಷ ಡಾಲರ್‌ಗೆ ತೆಗೆದುಕೊಂಡಿತು. ಜೂನ್‌ನಲ್ಲಿ ಅವರು ಸ್ಟ್ಯಾನ್ಲಿ ಕಪ್ ಫೈನಲ್ ಆಡುತ್ತಿದ್ದರು.

ಪೆರಿ ಮತ್ತೆ ಆಡಿದ್ದು ತಪ್ಪಲ್ಲ. ಚಟಕ್ಕೆ ಚಿಕಿತ್ಸೆ ಪಡೆದು ದುಡಿಮೆಗೆ ಮರಳುವವರಿಗೆ ಬಾಗಿಲು ತೆರೆದಿರಬೇಕು. ತಪ್ಪಿರುವುದು ಬೇರೆ ಕಡೆ. ತಂಡದ ತೀರ್ಮಾನ ಹೊರಗಿನವರ ಪರಿಶೀಲನೆಗೆ ಸಿಗಲೇ ಇಲ್ಲ; ನೊಂದವರಿದ್ದರೆ ಅವರಿಗೆ ಏನು ಪರಿಹಾರ ಸಿಕ್ಕಿತು ಎಂಬುದೂ ಗೊತ್ತಿಲ್ಲ; ಇನ್ನೊಂದು ತಂಡ ಅದೇ ಸಂಗತಿಯನ್ನು ತನಗೆ ತೋಚಿದಂತೆ ತೂಗಿಕೊಂಡಿತು. ಶಿಸ್ತು ಎಂಬುದು ಊರಿಂದ ಊರಿಗೆ ಬದಲಾಗುವ ದರಪಟ್ಟಿಯಾಯಿತು. ಈ ವ್ಯವಸ್ಥೆಯಲ್ಲಿ ‘ರದ್ದು’ ಎಂದರೆ ಆಟಗಾರ ವಿಮಾನ ಹತ್ತಿ ಬೇರೆ ತಂಡಕ್ಕೆ ಇಳಿಯುವುದು, ಹಳೆಯ ತಂಡ ಮಿತಿಯಲ್ಲಿ ಜಾಗ ಪಡೆಯುವುದು.

ಲೀಗ್ ತಾನೇ ಕೈಹಾಕಿ ಕೊಟ್ಟ ಶಿಕ್ಷೆಗಳಾದರೂ ನೆಟ್ಟಗಿವೆಯೇ? ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಹೊಟ್ಟೆ ತೊಳಸುತ್ತದೆ. ನ್ಯಾಶ್‌ವಿಲ್ ತಂಡದ ಆಸ್ಟಿನ್ ವಾಟ್ಸನ್ ಕೌಟುಂಬಿಕ ಹಲ್ಲೆಯ ಆರೋಪವನ್ನು ಅಲ್ಲಗಳೆಯುವುದಿಲ್ಲ ಎಂದು ಹೇಳಿದ ಮೇಲೆ, 2018ರ ಸೆಪ್ಟೆಂಬರ್‌ನಲ್ಲಿ ಲೀಗ್ ಅವರನ್ನು 27 ಪಂದ್ಯಗಳಿಗೆ ಅಮಾನತು ಮಾಡಿತು. ಮಧ್ಯಸ್ಥಗಾರ ಶ್ಯಾಮ್ ದಾಸ್ ಅದನ್ನು 18ಕ್ಕೆ ಇಳಿಸಿದರು. ಕೇನ್ ಅವರ ನಕಲಿ ಲಸಿಕೆ ಪತ್ರಕ್ಕೆ 21. ಒಟ್ಟಾವಾ ತಂಡದ ಯುವ ಆಟಗಾರ ಶೇನ್ ಪಿಂಟೊ ಅವರಿಗೆ ಕ್ರೀಡಾ ಜೂಜಿಗೆ ಸಂಬಂಧಿಸಿದ ನಡವಳಿಕೆಗಾಗಿ 2023ರಲ್ಲಿ 41. ಅವರು ಎನ್‌ಎಚ್‌ಎಲ್ ಪಂದ್ಯಗಳ ಮೇಲೆ ಬಾಜಿ ಕಟ್ಟಿದ ಪುರಾವೆ ಸಿಕ್ಕಿಲ್ಲವೆಂದು ಲೀಗೇ ಹೇಳಿತ್ತು. ಕೌಟುಂಬಿಕ ಹಲ್ಲೆಗೆ 18, ಕಾಗದದ ಮೋಸಕ್ಕೆ 21, ಜೂಜಿಗೆ 41. ಯಾವ ಪ್ರಕರಣವನ್ನೂ ಹಗುರ ಮಾಡುವ ಮಾತಿಲ್ಲ. ಆದರೆ ಒಂದು ಸಂಸ್ಥೆ ಯಾವುದಕ್ಕೆ ಹೆಚ್ಚು ಹೆದರುತ್ತದೆ ಎಂಬುದನ್ನು ಈ ಮೂರು ಅಂಕಿಗಳು ಹೇಳುತ್ತವೆ. ಆಟದ ವ್ಯಾಪಾರಕ್ಕೆ ಕುಂದು ತರುವ ತಪ್ಪಿಗೆ ತೂಕ ಹೆಚ್ಚು. ಸಂಗಾತಿಯಿಂದ ಹೆಣ್ಣೊಬ್ಬಳ ಮೇಲೆ ಬಿದ್ದ ಏಟಿಗೆ ಕಡಿಮೆ.

ಇದು ಆಟಗಾರರಿಗಷ್ಟೇ ಸೀಮಿತವಾದ ರೋಗವೂ ಅಲ್ಲ. 2010ರ ಮೇ ತಿಂಗಳಲ್ಲಿ ಶಿಕಾಗೊ ಬ್ಲ್ಯಾಕ್‌ಹಾಕ್ಸ್ ಪ್ಲೇಆಫ್‌ನಲ್ಲಿ ಗೆಲ್ಲುತ್ತ ಸಾಗಿತ್ತು. ತಂಡದ ಜೊತೆಗಿದ್ದ 20 ವರ್ಷದ ಕೈಲ್ ಬೀಚ್, ವಿಡಿಯೊ ಕೋಚ್ ಬ್ರಾಡ್ ಆಲ್ಡ್ರಿಚ್ ತನ್ನ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ್ದಾಗಿ ಹೇಳಿದ್ದ ವಿಷಯ ಮೇ 23ರಂದು ಆಡಳಿತದ ಹಿರಿಯರ ಸಭೆಯ ಮುಂದೆ ಬಂತು. ಮೂರು ವಾರ ಯಾರೂ ಏನೂ ಮಾಡಲಿಲ್ಲ. ಜೂನ್ 9ರಂದು ತಂಡ ಸ್ಟ್ಯಾನ್ಲಿ ಕಪ್ ಗೆದ್ದಿತು. ಸಂಭ್ರಮದ ಮೆರವಣಿಗೆಗಳು ಮುಗಿದ ಮೇಲೆ ಆಲ್ಡ್ರಿಚ್ ಮುಂದೆ ಎರಡು ಆಯ್ಕೆ ಇಟ್ಟರು: ತನಿಖೆ ಎದುರಿಸು, ಇಲ್ಲವೇ ರಾಜೀನಾಮೆ ಕೊಡು. ಅವರು ರಾಜೀನಾಮೆ ಕೊಟ್ಟರು. ಬೋನಸ್ಸು ಬಂತು, ಕೆಲವು ತಿಂಗಳ ಸಂಬಳ ಬಂತು, ಕಪ್ಪನ್ನು ಒಂದು ದಿನ ಇಟ್ಟುಕೊಳ್ಳುವ ಗೌರವ ಬಂತು, ಕಪ್ಪಿನ ಮೇಲೆ ಹೆಸರನ್ನೂ ಕೆತ್ತಿದರು. ಮುಂದೆ ಮಿಷಿಗನ್‌ನ ಹೌಟನ್‌ನಲ್ಲಿ ಹೈಸ್ಕೂಲು ತಂಡದ ಜೊತೆ ಕೆಲಸ ಮಾಡಲು ಹೋದ ಅದೇ ಮನುಷ್ಯ, ಅಲ್ಲಿನ ಹದಿಹರೆಯದ ವಿದ್ಯಾರ್ಥಿಯೊಬ್ಬನ ಮೇಲಿನ ಲೈಂಗಿಕ ಅಪರಾಧಕ್ಕಾಗಿ ಶಿಕ್ಷೆ ಅನುಭವಿಸಿದ.

ಆ ಹುಡುಗನ ಮೇಲಾದ ಅನ್ಯಾಯದಲ್ಲಿ ಶಿಕಾಗೊ ಆಡಳಿತಕ್ಕೆ ಪಾಲಿದೆ. ಉದ್ಯೋಗದ ನಂಟು ಕಡಿದುಕೊಂಡರೆ ಹೊಣೆಯೂ ಕಡಿಯಿತೆಂಬ ಭಾವನೆ ಎಷ್ಟು ಅಪಾಯಕಾರಿ ಎಂಬುದಕ್ಕೆ ಇದಕ್ಕಿಂತ ಕ್ರೂರ ಉದಾಹರಣೆ ಬೇಕಿಲ್ಲ. ಮನುಷ್ಯನನ್ನು ಹೊರಗೆ ಕಳಿಸಿದರು. ಅವನು ಏನು ಮಾಡಿದ್ದ ಎಂಬುದನ್ನು ಮುಂದಿನ ಊರಿಗೆ ಹೇಳಲಿಲ್ಲ.

ಬೀಚ್ ಎನ್‌ಎಚ್‌ಎಲ್‌ನಲ್ಲಿ ಒಂದೇ ಒಂದು ಪಂದ್ಯವನ್ನೂ ಆಡಲಿಲ್ಲ. ಕಾನೂನು ಸಂಸ್ಥೆ ಜೆನ್ನರ್ ಆ್ಯಂಡ್ ಬ್ಲಾಕ್ ನಡೆಸಿದ ತನಿಖೆಯ ವರದಿ 2021ರ ಅಕ್ಟೋಬರ್‌ನಲ್ಲಿ ಹೊರಬಂದ ಮೇಲೆ ಲೀಗ್ ತಂಡಕ್ಕೆ 20 ಲಕ್ಷ ಡಾಲರ್ ದಂಡ ಹಾಕಿತು. ಅದೇ ಲೀಗ್, ಇಲ್ಯಾ ಕೊವಾಲ್ಚುಕ್ ಅವರ ಒಪ್ಪಂದದಲ್ಲಿ ವೇತನ ಮಿತಿಯನ್ನು ವಂಚಿಸಲು ನೋಡಿದ ನ್ಯೂಜೆರ್ಸಿ ಡೆವಿಲ್ಸ್ ತಂಡಕ್ಕೆ 2010ರಲ್ಲಿ 30 ಲಕ್ಷ ಡಾಲರ್ ದಂಡ ಹಾಕಿ, ಹೊಸ ಆಟಗಾರರನ್ನು ಆರಿಸಿಕೊಳ್ಳುವ ಹಕ್ಕುಗಳನ್ನೂ ಕಿತ್ತುಕೊಂಡಿತ್ತು. ಶಿಕಾಗೊ ತಂಡದ ಒಂದು ಆಯ್ಕೆಯ ಹಕ್ಕೂ ಹೋಗಲಿಲ್ಲ. ಎರಡೂ ಬೇರೆ ಬೇರೆ ಸಂದರ್ಭ ಎಂದರು ಬೆಟ್‌ಮನ್. ನಿಜ, ಬೇರೆಯೇ. ಒಂದರಲ್ಲಿ ಲೆಕ್ಕ ತಪ್ಪಿತ್ತು, ಇನ್ನೊಂದರಲ್ಲಿ ಒಬ್ಬ ಹುಡುಗನ ಬದುಕು ಮುರಿದಿತ್ತು. ದೊಡ್ಡ ದಂಡ ಯಾವುದಕ್ಕೆ ಬೀಳಬೇಕಿತ್ತೆಂದು ಮಗುವಿಗೂ ಗೊತ್ತು.

ಶಿಕಾಗೊದ ಅಂದಿನ ಜನರಲ್ ಮ್ಯಾನೇಜರ್ ಸ್ಟ್ಯಾನ್ ಬೋಮನ್ ವರದಿ ಬಂದ ಮೇಲೆ ರಾಜೀನಾಮೆ ಕೊಟ್ಟರು. 2024ರ ಜುಲೈ 1ರಂದು ಲೀಗ್ ಅವರ ಮೇಲಿನ ನಿರ್ಬಂಧ ತೆಗೆಯಿತು. ಅದೇ ತಿಂಗಳು ಎಡ್ಮಂಟನ್ ತಂಡ ಅವರನ್ನು ಜನರಲ್ ಮ್ಯಾನೇಜರ್ ಮಾಡಿಕೊಂಡಿತು. ಶಿಕಾಗೊದ ಅಂದಿನ ಕೋಚ್ ಜೋಯೆಲ್ ಕ್ವೆನ್‌ವಿಲ್ 2025ರಲ್ಲಿ ಅನಾಹೈಮ್‌ಗೆ ಬಂದರು. ಕೇನ್, ಪೆರಿ, ಬೋಮನ್ ಮೂವರಿಗೂ ಒಂದೇ ಊರಿನಲ್ಲಿ ಆಸರೆ ಸಿಕ್ಕಿದ್ದು ಆ ಊರಿನ ದೋಷವಲ್ಲ. ತಡೆಯುವ ನಿಯಮ ಇಲ್ಲದ ಕಡೆ ಗೆಲ್ಲುವ ಹಸಿವುಳ್ಳವರು ಅಗ್ಗವಾಗಿ ಸಿಕ್ಕಿದ್ದನ್ನು ಬಾಚಿಕೊಳ್ಳುತ್ತಾರೆ, ಅಷ್ಟೇ.

ಇಲ್ಲಿ ಪ್ರತಿವಾದಿಗಳು ತಮ್ಮ ಗಟ್ಟಿ ಅಸ್ತ್ರ ತೆಗೆಯುತ್ತಾರೆ: ತನಿಖೆ, ತೀರ್ಪು ನ್ಯಾಯಾಲಯದ ಕೆಲಸ, ಅದು ಹೇಳುವವರೆಗೆ ತಂಡಗಳೂ ಲೀಗೂ ಸುಮ್ಮನಿರಬೇಕು. ಈ ಮಾತಿನಲ್ಲಿ ಅರ್ಧ ಸತ್ಯವಿದೆ, ಆ ಅರ್ಧಕ್ಕೆ ಗೌರವ ಸಲ್ಲಬೇಕು. ಕೊಲರಾಡೊ ತಂಡದ ಗೋಲ್‌ಕೀಪರ್ ಸೆಮ್ಯೋನ್ ವರ್ಲಾಮೊವ್ 2013ರ ಅಕ್ಟೋಬರ್‌ನಲ್ಲಿ ಹಲ್ಲೆಯ ಆರೋಪದ ಮೇಲೆ ಬಂಧಿತರಾದಾಗ ತಂಡ ಅವರ ಕರಾರನ್ನು ಹರಿದಿದ್ದರೆ ಅದು ಅನ್ಯಾಯವಾಗುತ್ತಿತ್ತು. ಡಿಸೆಂಬರ್‌ನಲ್ಲಿ ಸರ್ಕಾರಿ ವಕೀಲರು ಪ್ರಕರಣ ಕೈಬಿಟ್ಟರು, 2016ರ ಸಿವಿಲ್ ದಾವೆಯಲ್ಲೂ ಜ್ಯೂರಿ ಅವರ ಪರ ನಿಂತಿತು. ಆದರೆ ಬಂಧನದ ಬೆನ್ನಿಗೇ, ಎರಡು ದಿನದೊಳಗೆ, ಏನೂ ಆಗದವರಂತೆ ತಂಡ ಅವರನ್ನು ಗೋಲಿನ ಮುಂದೆ ನಿಲ್ಲಿಸಿದ್ದು ಕೂಡ ಸರಿಯಲ್ಲ. ಆ ಹೊತ್ತಿಗೆ ತಂಡಕ್ಕೆ ಸತ್ಯ ಗೊತ್ತಿರಲಿಲ್ಲ. ಗೋಲ್‌ಕೀಪರ್ ಬೇಕೆಂಬುದಷ್ಟೇ ಗೊತ್ತಿತ್ತು. ಆತುರದಿಂದ ಹರಿಯುವ ತಂಡವೂ ಆತುರದಿಂದ ಆಡಿಸುವ ತಂಡವೂ ಒಂದೇ ಕಾರಣಕ್ಕೆ ಎಡವುತ್ತವೆ: ತೀರ್ಪಿನಲ್ಲಿ ಲಾಭನಷ್ಟ ಇರುವವರೇ ತೀರ್ಪುಗಾರರಾಗಿದ್ದಾರೆ.

ನ್ಯಾಯಾಲಯಕ್ಕೆ ಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂಬವರು ಕೆನಡಾದ 2018ರ ಕಿರಿಯರ ವಿಶ್ವ ಚಾಂಪಿಯನ್‌ಷಿಪ್ ತಂಡದ ಪ್ರಕರಣ ನೋಡಲಿ. ಆ ವರ್ಷದ ಜೂನ್‌ನಲ್ಲಿ ಒಂಟಾರಿಯೊದ ಲಂಡನ್ ನಗರದಲ್ಲಿ ಲೈಂಗಿಕ ದೌರ್ಜನ್ಯ ನಡೆಯಿತೆಂದು ಯುವತಿಯೊಬ್ಬಳು ಹೂಡಿದ್ದ ದಾವೆಯನ್ನು, ಆ ದೇಶದಲ್ಲಿ ಆಟದ ಆಡಳಿತ ನೋಡಿಕೊಳ್ಳುವ ‘ಹಾಕಿ ಕೆನಡಾ’ ಸಂಸ್ಥೆ ಸದ್ದಿಲ್ಲದೆ ರಾಜಿಯಲ್ಲಿ ಮುಗಿಸಿದ್ದು 2022ರ ಮೇ ತಿಂಗಳಲ್ಲಿ ಬಯಲಾಯಿತು. ಊರೂರಿನ ಮಕ್ಕಳ ನೋಂದಣಿ ಶುಲ್ಕದಿಂದಲೂ ಕಟ್ಟಿದ್ದ ನಿಧಿಯೊಂದು ಇಂಥ ದಾವೆಗಳಿಗೆ ಬಳಕೆಯಾಗುತ್ತಿತ್ತೆಂದು ತಿಳಿದಾಗ ದೇಶ ಕುದಿಯಿತು. ಅಕ್ಟೋಬರ್‌ನಲ್ಲಿ ಮುಖ್ಯಸ್ಥರೂ ಆಡಳಿತ ಮಂಡಳಿಯೂ ಹೊರನಡೆದರು. ಎನ್‌ಎಚ್‌ಎಲ್ ತನ್ನದೇ ತನಿಖೆ ಶುರು ಮಾಡಿತು. 2024ರ ಜನವರಿಯಲ್ಲಿ ಆ ತಂಡದ ಐವರು ಆಟಗಾರರ ಮೇಲೆ ಆರೋಪ ಹೊರಿಸಿದಾಗ ಅವರಲ್ಲಿ ನಾಲ್ವರು ಎನ್‌ಎಚ್‌ಎಲ್ ತಂಡಗಳಲ್ಲಿದ್ದರು. ಸಂಬಳಸಮೇತ ರಜೆ ಹಾಕಿದರು, ಜೂನ್‌ನಲ್ಲಿ ಒಪ್ಪಂದಗಳ ಅವಧಿ ತಾನಾಗಿ ಮುಗಿಯಿತು, ತಂಡಗಳು ಮತ್ತೆ ಕರೆಯಲಿಲ್ಲ. 2025ರ ಜುಲೈ 24ರಂದು ನ್ಯಾಯಮೂರ್ತಿ ಮರಿಯಾ ಕರೊಚ್ಚಾ ಐವರನ್ನೂ ಖುಲಾಸೆ ಮಾಡಿದರು.

ಖುಲಾಸೆಯ ನಂತರ ಲೀಗ್ ಹೇಳಿದ್ದೇನು? ಅಪರಾಧ ಸಾಬೀತಾಗದಿದ್ದರೂ ಅವರ ನಡತೆ ಕಳವಳಕಾರಿ, ಆದ್ದರಿಂದ ಡಿಸೆಂಬರ್ 1ರವರೆಗೆ ಆಡುವಂತಿಲ್ಲ. ನಡತೆಯನ್ನು ಅಳೆಯುವ ಅಧಿಕಾರ ತನಗಿದೆ, ಅದು ಕ್ರಿಮಿನಲ್ ತೀರ್ಪಿಗಿಂತ ಬೇರೆ ಎಂದು ಲೀಗ್ ಇಲ್ಲಿ ಒಪ್ಪಿಕೊಂಡ ಹಾಗಾಯಿತು. ಹಾಗಿದ್ದರೆ 2022ರಲ್ಲಿ ಶುರುವಾದ ತನಿಖೆಯ ಮೇಲೆ ತೀರ್ಪು ಕೊಡಲು ಮೂರು ವರ್ಷ ಏಕೆ ಬೇಕಾಯಿತು? ಆ ತನಿಖಾ ವರದಿಯನ್ನು ಏಕೆ ಪ್ರಕಟಿಸಲಿಲ್ಲ? ಆಟಗಾರರ ದೃಷ್ಟಿಯಿಂದ ನೋಡಿದರೂ ಇದು ಘೋರ. ಕಾನೂನಿನ ಕಣ್ಣಲ್ಲಿ ನಿರ್ದೋಷಿಗಳಾದ ಐವರು ಯಾವ ಅಳತೆಗೋಲಿನ ಮೇಲೆ ಇನ್ನಷ್ಟು ಕಾಲ ಹೊರಗಿದ್ದರೆಂದು ಅವರಿಗೂ ಗೊತ್ತಿಲ್ಲ. ದೂರು ಕೊಟ್ಟ ಯುವತಿಗೂ ಲೀಗ್ ತನ್ನ ಮಾತನ್ನು ಹೇಗೆ ತೂಗಿತೆಂದು ಗೊತ್ತಿಲ್ಲ. ಇಬ್ಬರನ್ನೂ ಕತ್ತಲಲ್ಲಿಟ್ಟ ವ್ಯವಸ್ಥೆಯನ್ನು ಸಂಯಮವೆಂದು ಹೊಗಳುವುದು ಹೇಗೆ?

ಲಿಖಿತ ನೀತಿ ಇಲ್ಲದಾಗ ಜನರ ಗದ್ದಲವೇ ನೀತಿಯಾಗುತ್ತದೆ ಎಂಬುದಕ್ಕೂ ನಿದರ್ಶನವಿದೆ. ಅಂಗವೈಕಲ್ಯವಿದ್ದ ಕಪ್ಪು ಸಹಪಾಠಿಯನ್ನು ಹಿಂಸಿಸಿ 2016ರಲ್ಲಿ ಬಾಲ ನ್ಯಾಯಾಲಯದ ಮುಂದೆ ನಿಂತಿದ್ದ ಮಿಚೆಲ್ ಮಿಲ್ಲರ್‌ನನ್ನು 2020ರಲ್ಲಿ ಅರಿಜೋನಾ ಆರಿಸಿತು, ಗಲಾಟೆಯಾದಾಗ ಕೈಬಿಟ್ಟಿತು. 2022ರ ನವೆಂಬರ್ 4ರಂದು ಬಾಸ್ಟನ್ ಬ್ರೂಯಿನ್ಸ್ ಅವನ ಜೊತೆ ಒಪ್ಪಂದ ಮಾಡಿಕೊಂಡಿತು, ತಂಡದ ನಾಯಕ ಪ್ಯಾಟ್ರಿಸ್ ಬರ್ಜೆರಾನ್ ಅಸಮಾಧಾನ ಹೇಳಿಕೊಂಡರು, ಅಭಿಮಾನಿಗಳು ಸಿಡಿದರು, 6ರಂದು ತಂಡ ಹಿಂದೆ ಸರಿಯಿತು. ಅವನು ಲೀಗಿನಲ್ಲಿ ಆಡಲು ಅರ್ಹನಲ್ಲ ಎಂದು ಕಮಿಷನರ್ ಹೇಳಿದ್ದು ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ. ಮೊದಲೇ ಗೊತ್ತಿದ್ದ ಸಂಗತಿಗೆ ಮೊದಲೇ ನಿಯಮವಿದ್ದಿದ್ದರೆ, ಆ ನೊಂದ ಹುಡುಗನ ಕುಟುಂಬ ತನ್ನ ನೋವನ್ನು ಎರಡು ಸಲ ಪತ್ರಿಕೆಗಳಲ್ಲಿ ಓದಬೇಕಾಗುತ್ತಿರಲಿಲ್ಲ.

ಆಟಗಾರರ ಸಂಘವನ್ನೂ ಇಲ್ಲಿ ಬಿಡುವಂತಿಲ್ಲ. ತನ್ನ ಸದಸ್ಯನ ಕರಾರು ಹರಿದಾಗ ತಕರಾರು ಹೂಡುವುದು ಅದರ ಧರ್ಮ. ಅದಿಲ್ಲದಿದ್ದರೆ ತಂಡಗಳು ಇನ್ನೂ ಸಲೀಸಾಗಿ ಕತ್ತರಿ ಆಡಿಸುತ್ತಿದ್ದವು. ಆದರೆ ಕೈಲ್ ಬೀಚ್ ಕೂಡ ಆಟಗಾರನೇ. ಅವನ ದೂರು ಸಂಘದವರೆಗೂ ಹೋಗಿತ್ತು. 2022ರಲ್ಲಿ ಹೊರಗಿನ ವಕೀಲರು ನಡೆಸಿದ ಪರಿಶೀಲನೆ, ಯಾರ ತಪ್ಪೂ ಅಲ್ಲ, ಸಂವಹನದ ವೈಫಲ್ಯ ಎಂದು ಕಡತ ಮುಚ್ಚಿತು. ಶಿಕ್ಷೆಗೊಳಗಾದವನ ಸಂಬಳ ಉಳಿಸಲು ಇರುವ ದಾರಿ ಸಂಘಕ್ಕೆ ಚೆನ್ನಾಗಿ ಗೊತ್ತು. ದೌರ್ಜನ್ಯಕ್ಕೊಳಗಾದ ಸದಸ್ಯನ ಕೈ ಹಿಡಿಯುವ ದಾರಿ ಗೊತ್ತಿರಲಿಲ್ಲ.

ಬೇರೆ ದಾರಿ ಇಲ್ಲವೆಂದಲ್ಲ. ಅಮೆರಿಕದ ಬೇಸ್‌ಬಾಲ್ ಲೀಗೂ ಅದರ ಆಟಗಾರರ ಸಂಘವೂ 2015ರ ಆಗಸ್ಟ್‌ನಲ್ಲಿ ಕೌಟುಂಬಿಕ ಹಿಂಸೆ, ಲೈಂಗಿಕ ದೌರ್ಜನ್ಯಗಳ ಕುರಿತು ಜಂಟಿ ನೀತಿಯೊಂದಕ್ಕೆ ಸಹಿ ಹಾಕಿದವು. ಅದರಲ್ಲಿ ತನಿಖೆ ಲೀಗಿನದು, ತಂಡದ್ದಲ್ಲ. ಕ್ರಿಮಿನಲ್ ಶಿಕ್ಷೆ ಆಗಿರಲೇಬೇಕೆಂದಿಲ್ಲ. ತಜ್ಞರನ್ನೊಳಗೊಂಡ ಮಂಡಳಿ ಚಿಕಿತ್ಸೆಯ ಮಾರ್ಗ ಸೂಚಿಸುತ್ತದೆ. ಆಟಗಾರನಿಗೆ ಮಧ್ಯಸ್ಥಗಾರನ ಬಳಿ ಮೇಲ್ಮನವಿಯ ಹಕ್ಕಿದೆ. ಲಾಸ್ ಏಂಜಲೀಸ್ ಡಾಜರ್ಸ್ ತಂಡದ ಟ್ರೆವರ್ ಬಾವರ್ ಮೇಲೆ ಇಂಥ ಆರೋಪ ಬಂದಾಗ ಸರ್ಕಾರಿ ವಕೀಲರು ಮೊಕದ್ದಮೆ ಹೂಡಲಿಲ್ಲ. ಅವರೂ ಆರೋಪವನ್ನು ನಿರಾಕರಿಸಿದರು. ಆದರೂ ಲೀಗ್ 2022ರಲ್ಲಿ ತನ್ನ ನೀತಿಯಡಿ 324 ಪಂದ್ಯಗಳ ಸಂಬಳರಹಿತ ಅಮಾನತು ಹಾಕಿತು, ಮಧ್ಯಸ್ಥಗಾರ ಅದನ್ನು 194ಕ್ಕೆ ಇಳಿಸಿದರು. ಆಮೇಲೆ ಡಾಜರ್ಸ್ ಅವರನ್ನು ಬಿಟ್ಟಿತು, ಆದರೆ ಉಳಿದ ಸುಮಾರು 2.25 ಕೋಟಿ ಡಾಲರ್ ಕೊಡುವ ಹೊಣೆ ತಂಡದ ಮೇಲೇ ಉಳಿಯಿತು. ದುರ್ನಡತೆಯ ನೆಪದಲ್ಲಿ ತಂಡಕ್ಕೆ ಲಾಭವಾಗಲಿಲ್ಲ. ಆಟಗಾರನೂ ಸಂಬಳ ಕಳೆದುಕೊಳ್ಳದೆ ಪಾರಾಗಲಿಲ್ಲ. ಆ ನೀತಿಯಲ್ಲೂ ಕುಂದುಗಳಿವೆ, ಅದರ ತೀರ್ಪುಗಳ ಬಗ್ಗೆಯೂ ಜಗಳಗಳಿವೆ. ಆದರೆ ಜಗಳ ಮಾಡಲು ಅಲ್ಲಿ ಒಂದು ಲಿಖಿತ ನಿಯಮವಿದೆ.

ಐಸ್ ಹಾಕಿಗೆ ಬೇಕಾದ್ದು ಇದರಿಂದ ಬಹಳ ದೂರವೇನಿಲ್ಲ. ದೂರು ಬಂದ ಕೂಡಲೇ ಪ್ರಕರಣ ತಂಡದ ಕೈಯಿಂದ ಹೊರಬೀಳಬೇಕು. ಲೀಗ್ ಮತ್ತು ಸಂಘ ಸೇರಿ ನೇಮಿಸಿದ, ಎರಡಕ್ಕೂ ಸಂಬಳಕ್ಕಿಲ್ಲದ ತನಿಖಾಧಿಕಾರಿಗಳ ಬಳಿ ಹೋಗಬೇಕು. ನೊಂದವರ ಗುರುತು ಕಾಪಾಡಿ ತೀರ್ಮಾನದ ಕಾರಣಗಳನ್ನು ಪ್ರಕಟಿಸಬೇಕು. ಒಪ್ಪಂದ ರದ್ದತಿ ಇರಲಿ, ಆದರೆ ಆ ತನಿಖೆಯ ನಂತರ, ಆ ತನಿಖೆಯ ಮಾತಿನ ಮೇಲೆ. ಎಲ್ಲಕ್ಕಿಂತ ಮುಖ್ಯವಾಗಿ, ರದ್ದಾದ ಕರಾರಿನ ಮೊತ್ತ ಅದರ ಪೂರ್ತಿ ಅವಧಿ ತಂಡದ ವೇತನ ಮಿತಿಯಲ್ಲಿ ಹಾಗೆಯೇ ಉಳಿಯಬೇಕು. ಉಳಿತಾಯವಾದ ಹಣ ಮಾಲೀಕರ ಜೇಬಿಗೆ ಮರಳಬಾರದು. ರಿಂಕ್‌ನಲ್ಲಿ ಒರಟಾಗಿ ಆಡಿ ಅಮಾನತಾದ ಆಟಗಾರ ಕಳೆದುಕೊಳ್ಳುವ ಸಂಬಳ ಈಗಾಗಲೇ ಆಟಗಾರರ ತುರ್ತು ನೆರವು ನಿಧಿಗೆ ಹೋಗುತ್ತದೆ. ರದ್ದಾದ ಕರಾರಿನ ಹಣ ದೌರ್ಜನ್ಯಕ್ಕೊಳಗಾದವರ ಆಸರೆಮನೆಗಳಿಗೆ ಹೋಗಲು ಅಡ್ಡಿಯೇನಿದೆ?

ಹಾಗೆ ಮಾಡಿದರೆ ತಂಡಗಳು ಕೆಟ್ಟವರನ್ನು ಉಳಿಸಿಕೊಂಡಾವು ಎಂಬ ಹೆದರಿಕೆಗೆ ಅರ್ಥವಿಲ್ಲ. ಶಿಕ್ಷೆಯ ಅಧಿಕಾರ ತಂಡದ ಬಳಿ ಇರುವುದಿಲ್ಲವಾದ್ದರಿಂದ ಉಳಿಸಿಕೊಳ್ಳುವ ಪ್ರಶ್ನೆಯೇ ಅದರದ್ದಲ್ಲ. ಅಮಾನತಾದವನು ಸಂಬಳವಿಲ್ಲದೆ ಕೂರುತ್ತಾನೆ, ಬೇರೆ ಯಾವ ತಂಡವೂ ಆ ಅವಧಿಯಲ್ಲಿ ಅವನನ್ನು ತೆಗೆದುಕೊಳ್ಳುವಂತಿಲ್ಲ. ಸ್ಯಾನ್ ಹೋಸೆಯಲ್ಲಿ ಅನರ್ಹ, ಎಡ್ಮಂಟನ್‌ನಲ್ಲಿ ಅರ್ಹ ಎಂಬ ಆಟ ನಿಲ್ಲುತ್ತದೆ.

2025ರ ಜುಲೈನಲ್ಲಿ ಲೀಗೂ ಸಂಘವೂ ಹೊಸ ಸಾಮೂಹಿಕ ಒಪ್ಪಂದಕ್ಕೆ ಬಂದವು. ಅದು 2026ರ ಸೆಪ್ಟೆಂಬರ್‌ನಿಂದ 2030ರವರೆಗಿನದು. ಋತುವಿನ ಪಂದ್ಯಗಳು 82ರಿಂದ 84ಕ್ಕೆ ಏರಿದವು, ಆಟಗಾರನ ಒಪ್ಪಂದದ ಗರಿಷ್ಠ ಅವಧಿ ಎಂಟು ವರ್ಷದಿಂದ ಏಳಕ್ಕೆ ಇಳಿಯಿತು, ಪ್ಲೇಆಫ್‌ಗೂ ವೇತನ ಮಿತಿ ಬಂತು, ಪಂದ್ಯಕ್ಕೆ ಬರುವಾಗ ತೊಡಬೇಕಾದ ಉಡುಪಿನ ಕಟ್ಟಳೆಯನ್ನೂ ಕೂತು ಚರ್ಚಿಸಿ ತೆಗೆದುಹಾಕಿದರು. ಕೌಟುಂಬಿಕ ಹಿಂಸೆಯ ಬಗ್ಗೆ ಪ್ರತ್ಯೇಕ ಜಂಟಿ ನೀತಿ ಅದರಲ್ಲಿ ಬರಲಿಲ್ಲ. 2030ರವರೆಗೆ ಕಾಯಬೇಕೆಂಬ ನಿರ್ಬಂಧವೇನೂ ಇಲ್ಲ. 2020ರ ಸಾಂಕ್ರಾಮಿಕದ ನಡುವೆ ಆದಾಯ ಕುಸಿದಾಗ ಇದೇ ಎರಡು ಪಕ್ಷಗಳು ಅವಧಿ ಮುಗಿಯುವ ಮೊದಲೇ ಹಳೆಯ ಒಪ್ಪಂದವನ್ನು ತೆರೆದು ತಿದ್ದಿ ವಿಸ್ತರಿಸಿಕೊಂಡಿದ್ದವು. ಈಗಲೂ ಎರಡು ಸಹಿಗಳಿದ್ದರೆ ಸಾಕು: ಕಮಿಷನರ್ ಅವರದೊಂದು, ಸಂಘದ ಮುಖ್ಯಸ್ಥರದೊಂದು.